ಮದ್ದು ಸೊಪ್ಪಿಗೆ ಸೂಪರ್‌ಕ್ರಿಟಿಕಲ್ ಯಂತ್ರ ಬೇಕೇ?

ಪ್ರಶ್ನೆ: ನಾವು ಸೋಮವಾರಪೇಟೆ ತಾಲ್ಲೂಕಿನ ಕೆಲವು ಬೆಳೆಗಾರರು ಸೇರಿ ರೈತ ಉತ್ಪಾದಕ ಕಂಪನಿ ಮಾಡಿಕೊಂಡಿದ್ದೇವೆ. ಎಲ್ಲರ ತೋಟದಲ್ಲೂ ಕಾಫಿ, ಕಾಳುಮೆಣಸು ಇದೆ. ಕೆಲವರಲ್ಲಿ ಏಲಕ್ಕಿ, ಗದ್ದೆಯಲ್ಲಿ ಶುಂಠಿ. ತೋಡಿನ ಬದಿಯಲ್ಲಿ ಮದ್ದು ಸೊಪ್ಪು ತಾನಾಗಿಯೇ ಬೆಳೆಯುತ್ತದೆ. ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ ಅದರ ಪಾಯಸ ಮಾಡುವುದು ನಿಮಗೆ ಗೊತ್ತೇ ಇದೆ. ಅದರಲ್ಲಿ ಆಂಟಿಆಕ್ಸಿಡೆಂಟ್ ಹೇರಳವಾಗಿದೆ ಎಂದು ಓದಿದ್ದೇವೆ. ಯಂತ್ರ ಮಾರುವವರೊಬ್ಬರು ಬಂದು, ಸೂಪರ್‌ಕ್ರಿಟಿಕಲ್ ಇಂಗಾಲದ ಡೈಆಕ್ಸೈಡ್ ಘಟಕ ಹಾಕಿದರೆ ಯಾವ ಔಷಧಿ ಗಿಡದಿಂದ ಬೇಕಾದರೂ ಆಂಟಿಆಕ್ಸಿಡೆಂಟ್ ಪೂರ್ತಿ ಹೊರಬರುತ್ತದೆ, ರಾಸಾಯನಿಕದ ಸೋಂಕೂ ಇರುವುದಿಲ್ಲ ಎನ್ನುತ್ತಿದ್ದಾರೆ. ಸಾಲ ಮಾಡಿ ಹಾಕಬಹುದೇ ಸರ್? ಮದ್ದು ಸೊಪ್ಪಿನಿಂದಲೇ ಶುರು ಮಾಡೋಣ ಎಂಬುದು ನಮ್ಮ ಯೋಚನೆ.

ಉತ್ತರ: ಸಾಲದ ಕಾಗದಕ್ಕೆ ಈಗಲೇ ಸಹಿ ಹಾಕಬೇಡಿ. ಮದ್ದು ಸೊಪ್ಪಿನ ಸಲುವಾಗಿ ಈ ಯಂತ್ರ ಕೊಳ್ಳುವುದಾದರೆ ದುಡ್ಡು ದಂಡ. ಶುಂಠಿ, ಏಲಕ್ಕಿ, ಮೆಣಸಿನ ಸಲುವಾಗಿ ಆದರೆ ಯೋಚನೆ ಮಾಡುವಂಥ ವಿಷಯ, ಅದೂ ಮೊದಲು ಬೇರೆಯವರ ಯಂತ್ರದಲ್ಲಿ ನಿಮ್ಮ ಮಾಲು ಹಾಕಿ ನೋಡಿದ ಮೇಲೆ. ಮಾರಾಟಗಾರರ ಮಾತಿನಲ್ಲಿ ಅರ್ಧ ನಿಜವಿದೆ. ಸಾರ ತೆಗೆಯಲು ಬಳಸುವ ದ್ರಾವಕದ ಶೇಷ ಉಳಿಯದು ಎಂಬುದು ಸರಿ. ಯಾವ ಗಿಡವಾದರೂ ಪೂರ್ತಿ ಬರುತ್ತದೆ ಎಂಬುದು ತಪ್ಪು. ಯಾಕೆ ತಪ್ಪು ಎಂದು ಗೊತ್ತಾದರೆ ಮುಂದೆ ಯಾರು ಯಾವ ಯಂತ್ರ ತಂದರೂ ನೀವೇ ತೂಗಿ ನೋಡಬಲ್ಲಿರಿ. ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಸೋಡಾಕ್ಕೆ ತುಂಬುವ, ಬೆಂಕಿ ನಂದಿಸಲು ಬಳಸುವ ಅದೇ ಇಂಗಾಲದ ಡೈಆಕ್ಸೈಡ್ ಇದು. ಸಿಲಿಂಡರಿನ ತಳದಲ್ಲಿ ದ್ರವವಾಗಿಯೂ ಮೇಲ್ಭಾಗದಲ್ಲಿ ಅನಿಲವಾಗಿಯೂ ಇರುತ್ತದೆ. ಮಡಿಕೇರಿಯ ಮಳೆಗಾಲದ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಒತ್ತಡ ಸುಮಾರು 57 ಬಾರ್. ಸಮುದ್ರ ಮಟ್ಟದಲ್ಲಿ ನಮ್ಮ ಮೇಲಿರುವ ಗಾಳಿಯ ಒತ್ತಡ ಸುಮಾರು 1 ಬಾರ್ ಎಂದರೆ ಅಂದಾಜು ಸಿಗುತ್ತದೆ. ಅದೇ ಸಿಲಿಂಡರನ್ನು ಏಪ್ರಿಲ್ ಮಧ್ಯಾಹ್ನ ಕುಶಾಲನಗರದ ತಗಡಿನ ಶೆಡ್ಡಿನಲ್ಲಿ 33 ಡಿಗ್ರಿಗೆ ಬಿಟ್ಟರೆ ಒಳಗೆ ದ್ರವವೇ ಇರುವುದಿಲ್ಲ. 31.1 ಡಿಗ್ರಿ ದಾಟಿದ ಮೇಲೆ ಈ ಅನಿಲವನ್ನು ಎಷ್ಟು ಅದುಮಿದರೂ ದ್ರವವಾಗದು. ಬೆಲ್‌ಫಾಸ್ಟ್‌ನಲ್ಲಿದ್ದ ವಿಜ್ಞಾನಿ ಥಾಮಸ್ ಆಂಡ್ರೂಸ್ ಇದನ್ನು 1869ರಲ್ಲೇ ವಿವರಿಸಿದ್ದರು. ಆ 31.1 ಡಿಗ್ರಿ ಮತ್ತು 73.8 ಬಾರ್ ಸೇರುವ ಜಾಗವೇ ಕ್ರಿಟಿಕಲ್ ಬಿಂದು. ಎರಡನ್ನೂ ದಾಟಿದ ಸ್ಥಿತಿಗೆ ಸೂಪರ್‌ಕ್ರಿಟಿಕಲ್ ಎನ್ನುತ್ತೇವೆ.

ಪ್ರಯೋಗಾಲಯಗಳಲ್ಲಿ ದಪ್ಪ ಗಾಜಿನ ಕಿಟಕಿ ಇರುವ ಸಣ್ಣ ಉಕ್ಕಿನ ಪಾತ್ರೆ ಇರುತ್ತದೆ. ಅವಕಾಶ ಸಿಕ್ಕಿದರೆ ಒಮ್ಮೆ ನೋಡಿ. ಬಿಸಿ ಏರುತ್ತಿದ್ದಂತೆ ದ್ರವದ ಮೇಲ್ಮೈಯ ಗೆರೆ ತೆಳುವಾಗುತ್ತದೆ. 31ರ ಹತ್ತಿರ ಪಾತ್ರೆಯೆಲ್ಲ ಒಮ್ಮೆಲೇ ಹಾಲು ಹೊಯ್ದಂತೆ ಮಸುಕಾಗುತ್ತದೆ. ಇನ್ನೊಂದು ಅರ್ಧ ಡಿಗ್ರಿ ಏರಿದರೆ ಮಸುಕು ಹೋಗಿ ಮತ್ತೆ ತಿಳಿ. ಆದರೆ ಗೆರೆ ಇಲ್ಲ. ಕುದಿದು ಆವಿಯಾದದ್ದೂ ಅಲ್ಲ, ಪಾತ್ರೆಯಿಂದ ಒಂದು ಹನಿಯೂ ಹೊರಗೆ ಹೋಗಿಲ್ಲ. ದ್ರವ, ಅನಿಲ ಎಂಬ ಭೇದವೇ ಅಳಿಸಿಹೋಗಿದೆ.

ಈ ಸ್ಥಿತಿಯಲ್ಲಿ ಅದಕ್ಕೆ ಅನಿಲದ ಹಾಗೆ ಎಲ್ಲಿ ಬೇಕಾದರೂ ನುಸುಳುವ ಗುಣವಿದೆ, ದ್ರವದ ಹಾಗೆ ಕರಗಿಸಿಕೊಳ್ಳುವ ಗುಣವೂ ಇದೆ. ಕರಗಿಸುವ ಶಕ್ತಿ ಅದರ ಸಾಂದ್ರತೆಯ ಜೊತೆ ಏರುತ್ತದೆ, ಇಳಿಯುತ್ತದೆ. ಮಾಮೂಲಿ ಗಾಳಿಯ ಒತ್ತಡದಲ್ಲಿ ಒಂದು ಲೀಟರ್ ಇಂಗಾಲದ ಡೈಆಕ್ಸೈಡ್ ಎರಡು ಗ್ರಾಂ ಕೂಡ ತೂಗುವುದಿಲ್ಲ. 40 ಡಿಗ್ರಿಯಲ್ಲಿ 100 ಬಾರ್‌ಗೆ ಅದುಮಿದರೆ ಲೀಟರಿಗೆ ಸುಮಾರು 630 ಗ್ರಾಂ, 300 ಬಾರ್‌ಗೆ ಅದುಮಿದರೆ ಸುಮಾರು 910 ಗ್ರಾಂ, ಎಂದರೆ ಅಡುಗೆ ಎಣ್ಣೆಯ ಸಾಂದ್ರತೆಗೆ ಹತ್ತಿರ. ಕೆಲಸ ಮುಗಿದ ಮೇಲೆ ಒತ್ತಡ ಇಳಿಸಿದರೆ ಶಕ್ತಿಯೆಲ್ಲ ಹೋಗಿ, ಕರಗಿಸಿಕೊಂಡದ್ದನ್ನು ಅಲ್ಲೇ ಬಿಟ್ಟು ಮತ್ತೆ ಬರಿಯ ಅನಿಲ. ಹೆಕ್ಸೇನ್ ಎಂಬ ಮಾಮೂಲಿ ದ್ರಾವಕ ಬಳಸಿದರೆ ಕೊನೆಗೆ ಅದನ್ನು ಕಾಯಿಸಿ ಓಡಿಸಬೇಕು, ಓಡಿಸಿದರೂ ಸ್ವಲ್ಪ ಉಳಿಯುತ್ತದೆ. ಇಲ್ಲಿ ಆ ತಾಪತ್ರಯವಿಲ್ಲ. 40–50 ಡಿಗ್ರಿಯಲ್ಲೇ ಕೆಲಸ ನಡೆಯುತ್ತದೆ, ಒಳಗೆ ಆಮ್ಲಜನಕವೂ ಇರುವುದಿಲ್ಲ; ಹಾಗಾಗಿ ಬಿಸಿಗೆ, ಗಾಳಿಗೆ ಕೆಡುವ ಪದಾರ್ಥಗಳು ಕೆಡದೆ ಬರುತ್ತವೆ. ಆಂಟಿಆಕ್ಸಿಡೆಂಟ್ ಎಂದರೆ ತಾನೇ ಮೊದಲು ಆಕ್ಸಿಡೀಕರಣಗೊಂಡು ಬೇರೆಯದನ್ನು ಉಳಿಸುವ ವಸ್ತು. ಅದನ್ನು ತೆಗೆಯುವಾಗಲೇ ಗಾಳಿಗೆ ಬಲಿ ಕೊಟ್ಟರೆ ತೆಗೆದು ಏನು ಬಂತು? ಈ ತಂತ್ರದ ಬಗ್ಗೆ ನನಗಿರುವ ಗೌರವಕ್ಕೆ ಮುಖ್ಯ ಕಾರಣ ಇದೇ.

ಇನ್ನು ಅದರ ಮಿತಿಗೆ ಬರೋಣ. ಇಂಗಾಲದ ಡೈಆಕ್ಸೈಡ್ ಎಣ್ಣೆಗೆ ಒಗ್ಗುವ ದ್ರಾವಕ. ಸುಗಂಧ ತೈಲ, ಕೊಬ್ಬು, ಮೇಣ, ವಿಟಮಿನ್ ಇ ಗುಂಪಿನ ಟೋಕೋಫೆರಾಲ್‌ಗಳು, ತಕ್ಕಮಟ್ಟಿಗೆ ಕ್ಯಾರೊಟಿನ್, ಶುಂಠಿಯ ಖಾರ, ಇಂಥವು ಅದರಲ್ಲಿ ಕರಗುತ್ತವೆ. ಸಕ್ಕರೆ ಅಂಟಿಕೊಂಡ ಫ್ಲೇವನಾಯ್ಡ್‌ಗಳು, ಟ್ಯಾನಿನ್, ನೇರಳೆ ಹಣ್ಣಿಗೆ ಬಣ್ಣ ಕೊಡುವ ಆಂಥೋಸಯನಿನ್, ಹಣ್ಣಿನ ಹುಳಿ, ವಿಟಮಿನ್ ಸಿ, ಇವು ನೀರಿಗೆ ಒಗ್ಗುವವು. ಒತ್ತಡವನ್ನು ನಾನೂರು ಬಾರ್‌ಗೆ ಏರಿಸಿದರೂ ಇವು ಹೇಳಿಕೊಳ್ಳುವಷ್ಟು ಬರುವುದಿಲ್ಲ. ನಮ್ಮ ಹೆಚ್ಚಿನ ಔಷಧಿ ಗಿಡಗಳ ಆಂಟಿಆಕ್ಸಿಡೆಂಟ್‌ಗಳು ಈ ಎರಡನೆಯ ಗುಂಪಿಗೇ ಸೇರಿದವು ಎಂಬುದನ್ನು ಮಾರಾಟಗಾರರು ನಿಮಗೆ ಹೇಳಲಿಲ್ಲ.

ರೋಸ್‌ಮರಿ ಎಂಬ ಗಿಡದ ಎಲೆ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಎರಡು ಹೆಸರಾಂತ ಆಂಟಿಆಕ್ಸಿಡೆಂಟ್‌ಗಳಿವೆ. ಕಾರ್ನೋಸಿಕ್ ಆಮ್ಲ ಎಣ್ಣೆಗೆ ಒಗ್ಗುವಂಥದ್ದು, ಸೂಪರ್‌ಕ್ರಿಟಿಕಲ್ ಯಂತ್ರದಲ್ಲಿ ಚೆನ್ನಾಗಿ ಬರುತ್ತದೆ. ರೋಸ್‌ಮರಿನಿಕ್ ಆಮ್ಲ ನೀರಿಗೆ ಒಗ್ಗುವಂಥದ್ದು, ಅದೇ ಯಂತ್ರದಲ್ಲಿ ಅದೇ ಎಲೆಯೊಳಗೇ ಉಳಿದುಬಿಡುತ್ತದೆ. ಎಣ್ಣೆ ಮತ್ತು ಮಾಂಸ ಕಮಟಾಗದಂತೆ ತಡೆಯಲು ಬಳಸುವುದು ಮೊದಲನೆಯದನ್ನು. ಐರೋಪ್ಯ ಒಕ್ಕೂಟ 2010ರಲ್ಲಿ ಇ392 ಎಂಬ ಸಂಖ್ಯೆ ಕೊಟ್ಟು ರೋಸ್‌ಮರಿ ಸಾರವನ್ನು ಆಹಾರದಲ್ಲಿ ಬಳಸಲು ಒಪ್ಪಿತು. ಗಿಡ ಒಂದೇ ಆದರೂ ಯಾವ ಅಣು ಬೇಕು ಎಂಬುದರ ಮೇಲೆ ದ್ರಾವಕದ ಆಯ್ಕೆ.

ಈಗ ನಿಮ್ಮ ಮದ್ದು ಸೊಪ್ಪು. ಸಸ್ಯಶಾಸ್ತ್ರದಲ್ಲಿ ಜಸ್ಟೀಸಿಯಾ ವೈನಾಡೆನ್ಸಿಸ್. ಕಕ್ಕಡ ಹದಿನೆಂಟು ಬರುವ ಆಗಸ್ಟ್ 3ರ ಬೆಳಿಗ್ಗೆ ನಿಮ್ಮ ಮನೆಯಲ್ಲಿ ಏನು ನಡೆಯುತ್ತದೆ ಎಂದು ನೆನಪು ಮಾಡಿಕೊಳ್ಳಿ. ಎಲೆ, ಎಳೆ ಕಾಂಡ ತೊಳೆದು ನೀರಿಗೆ ಹಾಕಿ ಕುದಿಸುತ್ತಾರೆ. ಹಸಿರು ಎಲೆಯಿಂದ ನೀರಿಗೆ ಕಡು ನೇರಳೆ ಬಣ್ಣ ಇಳಿಯುತ್ತದೆ, ಆ ಪರಿಮಳ ಮನೆಯೆಲ್ಲ ಹರಡುತ್ತದೆ. ಸೋಸಿ, ಆ ನೀರಲ್ಲೇ ಅಕ್ಕಿ ಬೇಯಿಸಿ, ಬೆಲ್ಲ ತೆಂಗಿನಕಾಯಿ ಹಾಕಿ ಪಾಯಸವೋ ಪುಟ್ಟೋ ಮಾಡುತ್ತಾರೆ. ತಿಂದ ಮೇಲೆ ಮೂತ್ರಕ್ಕೂ ಕೆಂಪು ಬಣ್ಣ. ಬಣ್ಣ ನೀರಿಗೆ ಇಳಿಯಿತು, ಮೈಯೊಳಗಿನಿಂದ ನೀರಿನ ದಾರಿಯಲ್ಲೇ ಹೊರಗೂ ಹೋಯಿತು ಎಂದರೆ ಆ ಪದಾರ್ಥ ನೀರಿಗೆ ಒಗ್ಗುವಂಥದ್ದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಈ ಸೊಪ್ಪಿನ ಆಂಟಿಆಕ್ಸಿಡೆಂಟ್ ಗುಣದ ಬಗ್ಗೆ ಪ್ರಯೋಗಾಲಯಗಳಲ್ಲಿ ಆದ ಕೆಲಸವೂ ಮೆಥನಾಲ್, ನೀರು ಇಂಥ ದ್ರಾವಕಗಳಲ್ಲಿ ತೆಗೆದ ಸಾರದ ಮೇಲೆಯೇ ಹೆಚ್ಚಾಗಿ ಆಗಿದೆ. ಒಣಗಿಸಿದ ಸೊಪ್ಪನ್ನು ಸೂಪರ್‌ಕ್ರಿಟಿಕಲ್ ಯಂತ್ರಕ್ಕೆ ತುಂಬಿದರೆ ನಿಮಗೆ ಸಿಗುವುದು ಎಲೆಯ ಮೇಣ, ಒಂದಿಷ್ಟು ಕೊಬ್ಬಿನಾಮ್ಲ, ಸ್ಟೆರಾಲ್, ಸ್ವಲ್ಪ ಹಸಿರು. ನೇರಳೆ ಬಣ್ಣ ಚೀಲದೊಳಗಿನ ಚರಟದಲ್ಲೇ ಕೂತಿರುತ್ತದೆ. ನಿಮ್ಮ ಅಜ್ಜಿ ಆರಿಸಿಕೊಂಡ ದ್ರಾವಕವೇ ಈ ಸೊಪ್ಪಿಗೆ ಸರಿಯಾದದ್ದು. ಅದನ್ನೇ ದೊಡ್ಡದಾಗಿ ಮಾಡಬೇಕೆಂದರೆ ಬಿಸಿನೀರಿನ ತೊಟ್ಟಿ, ಸೋಸುವ ಬಟ್ಟೆ, ಕಡಿಮೆ ಒತ್ತಡದಲ್ಲಿ ನೀರು ಆವಿಮಾಡುವ ಇವಾಪರೇಟರ್, ಕೊನೆಗೆ ಒಣಗಿಸಿ ಪುಡಿಯಾಗಿಸುವ ಸ್ಪ್ರೇ ಡ್ರೈಯರ್ ಸಾಕು. ನಾನು ನೋಡಿದ ಮಟ್ಟಿಗೆ ಇವುಗಳ ಖರ್ಚು ಅಧಿಕ ಒತ್ತಡದ ಘಟಕದ ಮುಂದೆ ಏನೇನೂ ಅಲ್ಲ.

ಹಣ್ಣಿನಿಂದ ಮಾಡುವ ಕೊಡಗಿನ ಕಪ್ಪು ಹುಳಿ, ಕಾಚಂಪುಳಿಯ ಕಥೆಯೂ ಹಾಗೆಯೇ. ಅದರ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ನೀರಿಗೆ ಒಗ್ಗುವ ಹುಳಿ. ಬೆಟ್ಟದ ನೆಲ್ಲಿಯ ಟ್ಯಾನಿನ್ ಕೂಡ ಅಷ್ಟೆ. ಹಸಿರು ಕಾಫಿ ಬೀಜದ ಕ್ಲೋರೊಜೆನಿಕ್ ಆಮ್ಲವೂ ನೀರಿನ ಕಡೆಯದೇ.

ಇಂಗಾಲದ ಡೈಆಕ್ಸೈಡ್‌ಗೆ ಶೇಕಡಾ 5ರಿಂದ 15ರಷ್ಟು ಎಥನಾಲ್ ಬೆರೆಸಿದರೆ ನೀರಿಗೆ ಒಗ್ಗುವವೂ ಬರುವುದಿಲ್ಲವೇ ಎಂದು ಮಾರಾಟಗಾರರು ಕೇಳಬಹುದು. ಕೆಲವು ಬರುತ್ತವೆ, ಮಧ್ಯಮ ಸ್ವಭಾವದ ಫೀನಾಲ್‌ಗಳು ವಿಶೇಷವಾಗಿ. ಆದರೆ ಎಥನಾಲ್ ಸೇರಿದ ತಕ್ಷಣ ಕೊನೆಯಲ್ಲಿ ಅದನ್ನು ಆವಿಮಾಡಿ ತೆಗೆಯುವ ಕೆಲಸ ಬಂತು, ಅಬಕಾರಿ ಇಲಾಖೆಯ ಪರವಾನಗಿ ಬಂತು, ಬೆಂಕಿಯ ಭಯ ಬಂತು. ಯಾವ ಅನುಕೂಲಕ್ಕಾಗಿ ಈ ಯಂತ್ರ ತಂದೆವೋ ಅದರಲ್ಲಿ ಮುಕ್ಕಾಲು ಪಾಲು ಅಲ್ಲೇ ಹೋಯಿತು. ಎಥನಾಲ್ ಬಳಸುವುದೇ ಆದರೆ ಮಾಮೂಲಿ ಪಾತ್ರೆಯಲ್ಲೇ, ನೀರು ಬೆರೆಸಿ ಬಳಸಿದರೆ ಎಲೆಯ ಫ್ಲೇವನಾಯ್ಡ್ ಇನ್ನೂ ಚೆನ್ನಾಗಿ ಬರುತ್ತದೆ.

ಕಾಫಿ ಬೆಳೆಯುವ ನಿಮಗೆ ಈ ತಂತ್ರದ ಒಂದು ಹಳೆಯ ಸಂಗತಿ ಹೇಳಲೇಬೇಕು. ಅದು ಜಗತ್ತಿನಲ್ಲಿ ಮೊದಲು ದೊಡ್ಡ ಪ್ರಮಾಣದಲ್ಲಿ ಕೆಲಸ ಮಾಡಿದ್ದೇ ಕಾಫಿಯ ಮೇಲೆ. ಜರ್ಮನಿಯ ಮ್ಯುಲ್‌ಹೈಮ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಕುರ್ಟ್ ಜೋಸೆಲ್ 1960ರ ದಶಕದಲ್ಲಿ ಹಸಿರು ಕಾಫಿ ಬೀಜದಿಂದ ಕೆಫೀನನ್ನು ಈ ಅನಿಲದಿಂದಲೇ ತೆಗೆದು ತೋರಿಸಿದರು. 1970ರ ದಶಕ ಮುಗಿಯುವ ಹೊತ್ತಿಗೆ ಜರ್ಮನಿಯಲ್ಲಿ ಅದರ ಕಾರ್ಖಾನೆಯೇ ನಡೆಯಿತು. ಇದರಲ್ಲಿ ಎರಡು ಸೂಕ್ಷ್ಮಗಳಿವೆ. ಒಣ ಬೀಜದಿಂದ ಕೆಫೀನ್ ಬಿಟ್ಟುಬರುವುದೇ ಕಷ್ಟ. ಬೀಜವನ್ನು ಮೊದಲು ನೀರಲ್ಲಿ ನೆನೆಸಿ ಉಬ್ಬಿಸಬೇಕು, ಅನಿಲಕ್ಕೂ ತೇವ ಬೇಕು. ಎರಡನೆಯದು ನಿಮಗೆ ಹೆಚ್ಚು ಮುಖ್ಯ. ಕೆಫೀನ್ ಹೊರಟುಹೋದರೂ ಹುರಿದಾಗ ರುಚಿ ಕೊಡುವ ಸಕ್ಕರೆ, ಕ್ಲೋರೊಜೆನಿಕ್ ಆಮ್ಲ ಬೀಜದಲ್ಲೇ ಉಳಿದವು. ಕಾರಣ, ಅವು ನೀರಿಗೆ ಒಗ್ಗುವವು, ಅನಿಲ ಅವನ್ನು ಮುಟ್ಟಲಿಲ್ಲ. ಕೆಫೀನ್ ತೆಗೆಯುವವರು ಈ ತಂತ್ರಕ್ಕೆ ಮನಸೋತದ್ದು ಯಾವ ಗುಣಕ್ಕೋ, ನಿಮ್ಮ ಸೊಪ್ಪಿನ ವಿಷಯದಲ್ಲಿ ಕೈಕೊಡುವುದೂ ಅದೇ ಗುಣ.

ಹಾಗಾದರೆ ಕೊಡಗಿನಲ್ಲಿ ಇದಕ್ಕೆ ಒಗ್ಗುವ ಮಾಲು ಯಾವುದು? ನನ್ನ ಆಯ್ಕೆ ಶುಂಠಿ. ಏಲಕ್ಕಿ ಬಹಳ ಚೆನ್ನಾಗಿ ಬರುತ್ತದೆ, ಪರಿಮಳ ಕಾಯಿ ಬಿಡಿಸಿದ ಹಾಗೆಯೇ ಇರುತ್ತದೆ. ಆದರೆ ಅದನ್ನು ಆಂಟಿಆಕ್ಸಿಡೆಂಟ್ ಎಂದು ಮಾರುವ ಅಗತ್ಯವಿಲ್ಲ, ಪರಿಮಳಕ್ಕೇ ಬೆಲೆ. ಮೆಣಸಿನಲ್ಲಿ ಎಣ್ಣೆ ಸುಲಭವಾಗಿ ಬರುತ್ತದೆ, ಖಾರ ಕೊಡುವ ಪೈಪರಿನ್‌ಗೆ ಹೆಚ್ಚು ಒತ್ತಡ ಬೇಕು. ಜೊಳ್ಳು ಮೆಣಸಿಗೆ ಇದೊಂದು ದಾರಿ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಮತ್ತು ತಿರುವನಂತಪುರದ ಎನ್‌ಐಐಎಸ್‌ಟಿ ಎಂಬ ವಿಜ್ಞಾನ ಸಂಸ್ಥೆಗಳಲ್ಲಿ ಮಸಾಲೆ ಪದಾರ್ಥಗಳ ಮೇಲೆ ಈ ತಂತ್ರದ ಕೆಲಸ ದಶಕಗಳಿಂದ ನಡೆದಿದೆ, ಹೊಸದಾಗಿ ಕಂಡುಹಿಡಿಯಬೇಕಾದ್ದು ಹೆಚ್ಚಿಲ್ಲ. ಅರಿಶಿನದಲ್ಲಿ ಎಚ್ಚರ: ಪರಿಮಳದ ಟರ್ಮೆರೋನ್ ಎಣ್ಣೆ ಚೆನ್ನಾಗಿ ಬರುತ್ತದೆ, ಎಲ್ಲರೂ ಕೇಳುವ ಹಳದಿ ಬಣ್ಣದ ಕರ್ಕ್ಯುಮಿನ್ ಬಹುಪಾಲು ಹಿಂದೆಯೇ ಉಳಿಯುತ್ತದೆ.

ಶುಂಠಿ ಯಾಕೆ ಎಂದರೆ ಅದರ ಆಂಟಿಆಕ್ಸಿಡೆಂಟ್ ಮತ್ತು ಅದರ ಖಾರ ಎರಡೂ ಒಂದೇ ವಸ್ತು: ಜಿಂಜರಾಲ್. ಅದು ಎಣ್ಣೆಗೆ ಒಗ್ಗುತ್ತದೆ, ಆದರೆ ಆವಿಯಾಗುವುದಿಲ್ಲ. ಹಾಗಾಗಿ ಹಬೆಯಲ್ಲಿ ಬಟ್ಟಿ ಇಳಿಸಿದರೆ ಪರಿಮಳ ಸಿಗುತ್ತದೆ, ಖಾರ ಸಿಗುವುದಿಲ್ಲ. ಹೆಚ್ಚು ಬಿಸಿ ಮಾಡಿದರೆ ಜಿಂಜರಾಲ್ ನೀರು ಕಳೆದುಕೊಂಡು ಶೊಗಾಲ್ ಆಗುತ್ತದೆ. ಶೊಗಾಲ್ ಕೂಡ ಒಳ್ಳೆಯ ಆಂಟಿಆಕ್ಸಿಡೆಂಟೇ, ಖಾರವೂ ಜಾಸ್ತಿ. ಆದರೆ ಖರೀದಿದಾರ ಜಿಂಜರಾಲ್ ಇಷ್ಟು ಇರಬೇಕು ಎಂದು ಬರೆದುಕೊಟ್ಟಿದ್ದರೆ ನಿಮ್ಮ ಮಾಲು ವಾಪಸು ಬರುತ್ತದೆ. ಸೂಪರ್‌ಕ್ರಿಟಿಕಲ್‌ನಲ್ಲಿ ಪರಿಮಳ, ಖಾರ ಎರಡೂ ಬರುತ್ತವೆ, ಜಿಂಜರಾಲ್ ಜಿಂಜರಾಲ್ ಆಗಿಯೇ ಉಳಿಯುತ್ತದೆ.

ಅದು ಹೇಗೆ ನಡೆಯುತ್ತದೆ ಎಂದು ಹಂತ ಹಂತವಾಗಿ ನೋಡಿ, ಯಾಕೆಂದರೆ ಗೆಲ್ಲುವುದು ಸೋಲುವುದು ಯಂತ್ರಕ್ಕಿಂತ ಮೊದಲೇ ನಿರ್ಧಾರವಾಗುತ್ತದೆ. ಹಸಿ ಶುಂಠಿಯ ಬಹುಪಾಲು ನೀರು. ರಿಯೋ ಡಿ ಜನೈರೊ ತಳಿ ಹಸಿಯಾಗಿ ಮಾರಲು ಚೆನ್ನ, ಒಣಗಿಸಿದರೆ ಉಳಿಯುವುದು ಕಡಿಮೆ. ಯಾವ ತಳಿಯಲ್ಲಿ ಒಣ ಇಳುವರಿ, ಎಣ್ಣೆ ಹೆಚ್ಚು ಎಂಬುದನ್ನು ಅಪ್ಪಂಗಳದ ಸಾಂಬಾರ ಬೆಳೆಗಳ ಸಂಶೋಧನಾ ಕೇಂದ್ರದಲ್ಲಿ ಕೇಳಿ, ಮಡಿಕೇರಿಗೆ ಹತ್ತಿರ. ಬಿಲ್ಲೆ ಮಾಡಿ, 50 ಡಿಗ್ರಿ ಮೀರದ ಹಾಗೆ, ತೇವ ಶೇಕಡಾ 10ರ ಆಸುಪಾಸಿಗೆ ಇಳಿಯುವವರೆಗೆ ಒಣಗಿಸಬೇಕು. ತೇವ ಹೆಚ್ಚಿದ್ದರೆ ಸಾರದ ಜೊತೆ ನೀರು ಬಂದು ಹೊರಗಿನ ಕವಾಟದಲ್ಲಿ ಹೆಪ್ಪುಗಟ್ಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಬಿಸಿಲಿನ ಭರವಸೆ ಇಟ್ಟುಕೊಳ್ಳಲಾಗದು. ಡ್ರೈಯರ್ ಇಲ್ಲದೆ ಈ ಉದ್ಯಮದ ಮಾತೇ ಬೇಡ. ಬೂಸ್ಟು ಹಿಡಿದ ಶುಂಠಿ ಹಾಕಿದರೆ ಬೂಸ್ಟಿನ ವಿಷವೂ ಸಾರದೊಳಕ್ಕೆ ಬರಬಹುದು.

ಪುಡಿಯ ಗಾತ್ರ ಅರ್ಧ ಮಿಲಿಮೀಟರಿನ ಆಸುಪಾಸು. ಫಿಲ್ಟರ್ ಕಾಫಿ ಹಾಕುವ ಎಲ್ಲರಿಗೂ ಇದು ಗೊತ್ತಿರುವುದೇ: ಪುಡಿ ತೀರಾ ನುಣುಪಾದರೆ ಡಿಕಾಕ್ಷನ್ ಇಳಿಯುವುದಿಲ್ಲ, ತೀರಾ ದಪ್ಪವಾದರೆ ನೀರು ಸುಮ್ಮನೆ ಇಳಿದು ಹೋಗುತ್ತದೆ. ಇಲ್ಲಿಯೂ ನುಣುಪು ಪುಡಿ ಒತ್ತಿಕೊಂಡು ಗಟ್ಟಿಯಾಗಿ, ಅನಿಲ ಒಂದೆರಡು ಬಿರುಕು ಮಾಡಿಕೊಂಡು ಅಲ್ಲೇ ಓಡುತ್ತದೆ, ಉಳಿದ ಪುಡಿ ಒಣಗಿದ್ದು ಒಣಗಿದ್ದೇ. ಪುಡಿ ಮಾಡುವಾಗ ಗಿರಣಿ ಬಿಸಿಯಾದರೆ ಪರಿಮಳ ಅಲ್ಲೇ ಹಾರಿಹೋಗುತ್ತದೆ, ಅದನ್ನೂ ನೋಡಿಕೊಳ್ಳಬೇಕು.

ಪುಡಿ ತುಂಬಿದ ಬುಟ್ಟಿಯನ್ನು ಉಕ್ಕಿನ ಪಾತ್ರೆಗೆ ಇಳಿಸಿ ಮುಚ್ಚುತ್ತಾರೆ. ಅನಿಲವನ್ನು ಮೊದಲು ತಣ್ಣಗೆ ಮಾಡಿ ದ್ರವವಾಗಿಸುತ್ತಾರೆ, ಯಾಕೆಂದರೆ ಪಂಪು ದ್ರವವನ್ನೇ ತಳ್ಳಬೇಕು. ಆಮೇಲೆ ಬಿಸಿ ಮಾಡಿ 40–50 ಡಿಗ್ರಿಗೆ, 250–300 ಬಾರ್‌ಗೆ ತಂದು ಪುಡಿಯ ಮೂಲಕ ಹಾಯಿಸುತ್ತಾರೆ. ಬಿಸಿ ಏರಿಸಿದರೆ ಹೆಚ್ಚು ಬರುತ್ತದೆ ಎಂದುಕೊಳ್ಳಬೇಡಿ. 100 ಬಾರ್‌ನಲ್ಲೇ ಇಟ್ಟು 40ರಿಂದ 60 ಡಿಗ್ರಿಗೆ ಏರಿಸಿದರೆ ಲೀಟರಿನ ತೂಕ 630 ಗ್ರಾಮಿನಿಂದ 290 ಗ್ರಾಮಿಗೆ ಕುಸಿಯುತ್ತದೆ, ಕರಗಿಸುವ ಶಕ್ತಿಯೂ ಅದರ ಜೊತೆಗೇ ಇಳಿಯುತ್ತದೆ. ಒತ್ತಡ ಬಹಳ ಹೆಚ್ಚಿರುವಾಗ ಮಾತ್ರ ಬಿಸಿಯಿಂದ ಲಾಭ.

ಸಾರ ಹೊತ್ತ ಅನಿಲ ಹೊರಬಂದು ಮೊದಲ ಬೇರ್ಪಡಕದಲ್ಲಿ ಸ್ವಲ್ಪ ಒತ್ತಡ ಕಳೆದುಕೊಳ್ಳುತ್ತದೆ. ಅಲ್ಲಿ ಖಾರದ ಭಾರಿ ಅಂಶ ಬೀಳುತ್ತದೆ. ಎರಡನೆಯದರಲ್ಲಿ ಸುಮಾರು 50–60 ಬಾರ್‌ಗೆ ಇಳಿದಾಗ ಹಗುರವಾದ ಪರಿಮಳದ ಎಣ್ಣೆ ಬೀಳುತ್ತದೆ. ಒತ್ತಡ ಇಳಿಸುವ ಕವಾಟ ಬೆಚ್ಚಗೆ ಇಡದಿದ್ದರೆ ಕಣ್ಣೆದುರಿಗೇ ಬಿಳಿ ಹಿಮ ಕಟ್ಟುತ್ತದೆ, ಒಳಗೂ ಮಂಜುಗಡ್ಡೆ ಸಿಕ್ಕಿಕೊಂಡು ಹರಿವು ನಿಂತುಹೋಗುತ್ತದೆ. ಬೇರ್ಪಡಕದ ತಳದ ನಲ್ಲಿ ತೆರೆದರೆ ಸಾರ ಮೊದಲು ಸೀನಿದ ಹಾಗೆ ಸಿಡಿಯುತ್ತದೆ. ಒಳಗೆ ಕರಗಿದ ಅನಿಲ ಹೊರಬರುವ ಸದ್ದು ಅದು. ಶೀಶೆಯಲ್ಲಿ ಕೆಂಪು ಕಂದು ಬಣ್ಣದ ನೊರೆ ನಿಧಾನವಾಗಿ ಕುಗ್ಗಿ, ಜೋನಿಬೆಲ್ಲಕ್ಕಿಂತ ತುಸು ತೆಳ್ಳಗಿನ ಎಣ್ಣೆ ಉಳಿಯುತ್ತದೆ. ನೂರು ಕಿಲೋ ಒಣಶುಂಠಿಗೆ ನಾಲ್ಕೈದು ಕಿಲೋ ಸಾರ ಸಿಕ್ಕಿದರೆ ಸಮಾಧಾನಪಡಬೇಕು. ಮೊದಲ ಗಂಟೆಗಳಲ್ಲಿ ಬೇಗ ಬರುತ್ತದೆ, ಆಮೇಲೆ ಪುಡಿಯ ಕಣದೊಳಗಿನಿಂದ ಒಸರಬೇಕಾದ್ದು ಬಹಳ ನಿಧಾನ. ಕೊನೆಯ ಹನಿಯವರೆಗೂ ಕಾಯುವವರು ಕರೆಂಟ್ ಬಿಲ್ಲಿನಲ್ಲಿ ಲಾಭವನ್ನೆಲ್ಲ ಕಳೆದುಕೊಳ್ಳುತ್ತಾರೆ. ನಿಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೆ ದಿನಗಟ್ಟಲೆ ಬಾರದಿರುವುದೂ ಉಂಟು. ಅನಿಲ ತಣ್ಣಗೆ ಮಾಡುವ ಚಿಲ್ಲರ್ ಮತ್ತು ಪಂಪಿಗೆ ಜನರೇಟರ್ ಖರ್ಚನ್ನು ಲೆಕ್ಕದಲ್ಲಿ ಮೊದಲೇ ಸೇರಿಸಿ.

ಇನ್ನು ಆಂಟಿಆಕ್ಸಿಡೆಂಟ್ ಎಂಬ ಹೆಸರಿನ ಬಗ್ಗೆ. ನಿಮ್ಮ ಸಾರವನ್ನು ಪ್ರಯೋಗಾಲಯಕ್ಕೆ ಕೊಟ್ಟರೆ ಡಿಪಿಪಿಎಚ್ ಎಂಬ ಪರೀಕ್ಷೆ ಮಾಡಿ ಒಂದು ಸಂಖ್ಯೆ ಕೊಡುತ್ತಾರೆ. ಕಡು ನೇರಳೆ ಬಣ್ಣದ ಆ ದ್ರಾವಣಕ್ಕೆ ಸಾರ ಹಾಕಿದಾಗ ಬಣ್ಣ ಹಳದಿಗೆ ತಿರುಗುತ್ತದೆ, ಎಷ್ಟು ತಿರುಗಿತು ಎಂದು 517 ನ್ಯಾನೊಮೀಟರ್ ಬೆಳಕಿನಲ್ಲಿ ಅಳೆಯುತ್ತಾರೆ. ಸೊಪ್ಪಿನ ಬಣ್ಣವೇ ನೇರಳೆಯಾಗಿದ್ದರೆ ಈ ಅಳತೆಗೆ ಅದು ಅಡ್ಡ ಬರುತ್ತದೆ. ಬಣ್ಣದ ಭಾಗ ಕಳೆದು ಲೆಕ್ಕ ಹಾಕಿದ್ದಾರೆಯೇ ಎಂದು ಕೇಳಿ. ಅದಕ್ಕಿಂತ ದೊಡ್ಡ ಮಾತು, ಗಾಜಿನ ಕೊಳವೆಯಲ್ಲಿ ಕಂಡ ಶಕ್ತಿ ಮೈಯೊಳಗೂ ಹಾಗೆಯೇ ಕೆಲಸ ಮಾಡುತ್ತದೆ ಎಂಬುದಕ್ಕೆ ಆ ಸಂಖ್ಯೆ ಆಧಾರವಲ್ಲ. ಅಮೆರಿಕದ ಕೃಷಿ ಇಲಾಖೆ ಆಹಾರಗಳ ಒರಾಕ್ ಎಂಬ, ಇಂಥದ್ದೇ ಇನ್ನೊಂದು ಪರೀಕ್ಷೆಯ ಸಂಖ್ಯೆಗಳ ಪಟ್ಟಿಯನ್ನು ಇದೇ ಕಾರಣಕ್ಕೆ 2012ರಲ್ಲಿ ತೆಗೆದುಹಾಕಿತು. ಫಿನ್ಲೆಂಡ್‌ನಲ್ಲಿ 29 ಸಾವಿರಕ್ಕೂ ಹೆಚ್ಚು ಸಿಗರೇಟು ಚಟದ ಗಂಡಸರ ಮೇಲೆ ನಡೆದ, 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೀಟಾ ಕ್ಯಾರೊಟಿನ್ ಗುಳಿಗೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇಕಡಾ 18ರಷ್ಟು ಹೆಚ್ಚೇ ಕಂಡಿತು. ಆದ್ದರಿಂದ ಶೀಶೆಯ ಮೇಲೆ ಕ್ಯಾನ್ಸರ್ ತಡೆಯುತ್ತದೆ, ಮುಪ್ಪು ತಡೆಯುತ್ತದೆ ಎಂದು ಬರೆಸಲು ಹೋಗಬೇಡಿ. ಕಾನೂನಿಗೂ ವಿರುದ್ಧ, ಜನರಿಗೂ ಅನ್ಯಾಯ. ಎಣ್ಣೆ, ಕುರುಕಲು ತಿಂಡಿ ಕಮಟಾಗದಂತೆ ಕಾಯುವ ಪದಾರ್ಥ ಎಂದು ಮಾರಿದರೆ ಅದು ನಿಜ, ಅಳೆದು ತೋರಿಸಲೂ ಆಗುತ್ತದೆ.

ಕಾಡಿನ ಮಾಲಿನ ವಿಚಾರ ನೀವು ಕೇಳಿಲ್ಲ, ಆದರೂ ಹೇಳಬೇಕು. ಯಂತ್ರ ಬಂದ ಮೇಲೆ ಅದರ ಹೊಟ್ಟೆ ತುಂಬಿಸಲು ಮಾಲು ಸಾಲದೆ ಕೈ ಕಾಡಿನ ಜಾಯಿಕಾಯಿ ಜಾತಿಯ ರಾಂಪತ್ರೆಯ ಕಡೆ ಹೋಗುತ್ತದೆ. ಅದರಲ್ಲಿ ಮಲಬಾರಿಕೋನ್ ಎಂಬ ಒಳ್ಳೆಯ ಆಂಟಿಆಕ್ಸಿಡೆಂಟ್ ಇದೆ, ಎಣ್ಣೆಯ ಸ್ವಭಾವದ್ದೇ. ಆದರೆ ಆ ಮರ ಅಳಿವಿನ ಭೀತಿಯಲ್ಲಿದೆ. ಪತ್ರೆಗಾಗಿ ಎಳೆಯ ಕಾಯಿ ಕಿತ್ತರೆ ಹಾರ್ನ್‌ಬಿಲ್‌ಗೆ ಆಹಾರವಿಲ್ಲ, ಸಸಿಗೆ ಬೀಜವಿಲ್ಲ. ಜಿಲ್ಲೆಯ 1,200ಕ್ಕೂ ಹೆಚ್ಚು ದೇವರಕಾಡುಗಳಲ್ಲಿ ಒಂದು ಎಲೆಯನ್ನೂ ಈ ವ್ಯಾಪಾರಕ್ಕೆ ಮುಟ್ಟಬಾರದು. ಮದ್ದು ಸೊಪ್ಪನ್ನೂ ತೋಡಿನಿಂದ ಕಿತ್ತು ತರುವ ಬದಲು ನೆರಳಿರುವ ತೇವದ ಜಾಗದಲ್ಲಿ ಕಾಂಡ ಊರಿ ಬೆಳೆಸಿ. ಯಾವುದೇ ಕಾಡು ಗಿಡವನ್ನು ವಾಣಿಜ್ಯಕ್ಕೆ ಬಳಸುವ ಮೊದಲು 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಏನು ಮಾಡಬೇಕು ಎಂದು ಕರ್ನಾಟಕ ಜೀವವೈವಿಧ್ಯ ಮಂಡಳಿಯಲ್ಲಿ ಬರವಣಿಗೆಯಲ್ಲಿ ಕೇಳಿ.

ಅಪಾಯದ ಮಾತು ಚಿಕ್ಕದಾಗಿ, ಆದರೆ ಗಂಭೀರವಾಗಿ. 20 ಸೆಂಟಿಮೀಟರ್ ಅಗಲದ ಮುಚ್ಚಳದ ಮೇಲೆ 300 ಬಾರ್ ಎಂದರೆ 90 ಟನ್ನಿಗೂ ಹೆಚ್ಚಿನ ಒತ್ತು. ಸ್ಥಳೀಯ ವರ್ಕ್‌ಶಾಪಿನಲ್ಲಿ ಅಗ್ಗಕ್ಕೆ ಮಾಡಿಕೊಡುತ್ತೇನೆ ಎಂದವರ ಹತ್ತಿರ ಇಂಥ ಪಾತ್ರೆ ಮಾಡಿಸುವುದು ಆತ್ಮಹತ್ಯೆ. ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಗಿಂತ ಭಾರ, ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. 30 ಕಿಲೋದ ಒಂದು ಸಿಲಿಂಡರ್ ಸೋರಿದರೆ ಸುಮಾರು 16 ಘನ ಮೀಟರ್ ಅನಿಲ. ಕೋಣೆಯ ಗಾಳಿಯಲ್ಲಿ ಅದು ಶೇಕಡಾ 4 ಮುಟ್ಟಿದರೇ ಜೀವಕ್ಕೆ ಅಪಾಯ. ನೆಲದ ಹತ್ತಿರ ಅಳೆಯುವ ಮಾಪಕ, ಸೈರನ್, ನೆಲಮಟ್ಟದಲ್ಲಿ ಗಾಳಿ ಹೊರಹಾಕುವ ಫ್ಯಾನ್ ಇಲ್ಲದ ಕಟ್ಟಡದಲ್ಲಿ ಯಂತ್ರ ಚಾಲೂ ಮಾಡಬಾರದು.

ಉತ್ಪಾದನೆಗೆ ಸಾಲುವಷ್ಟು ದೊಡ್ಡ ಘಟಕ ಕೋಟಿಗಳ ಲೆಕ್ಕದ್ದು, ವರ್ಷವಿಡೀ ಓಡಿದರೆ ಮಾತ್ರ ಗಿಟ್ಟುತ್ತದೆ. ಕಕ್ಕಡದಲ್ಲಿ ಕೊಯ್ಯುವ ಸೊಪ್ಪು, ಬೇಸಿಗೆಗೆ ಮುಗಿಯುವ ಶುಂಠಿ ನಂಬಿ ಹನ್ನೆರಡು ತಿಂಗಳು ಓಡಿಸಲಾಗದು.

ಹಾಗಾಗಿ ಮುಂದಿನ ಶುಂಠಿ ಕೊಯ್ಲಾದ ಮೇಲೆ ಹೀಗೆ ಮಾಡಿ. ಒಂದೇ ಗದ್ದೆಯ ಶುಂಠಿಯನ್ನು ಡ್ರೈಯರಿನಲ್ಲಿ ಒಣಗಿಸಿ ಹತ್ತು ಕಿಲೋ ಸಿದ್ಧಮಾಡಿ, ಒಂದು ಕಿಲೋ ಗಾಳಿಯಾಡದ ಡಬ್ಬಿಯಲ್ಲಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಉಳಿದದ್ದನ್ನು ಈ ಸೌಲಭ್ಯ ಇರುವ ಸಂಸ್ಥೆಗೆ ಕೊಟ್ಟು, 150 ಮತ್ತು 300 ಬಾರ್ ಎರಡರಲ್ಲೂ ತೆಗೆಸಿ. ಬರಿಯ ಡಿಪಿಪಿಎಚ್ ಸಂಖ್ಯೆಗೆ ಒಪ್ಪಬೇಡಿ. ಒಂದೊಂದು ಪದಾರ್ಥವನ್ನೂ ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಜಿಂಜರಾಲ್ ಎಷ್ಟು, ಶೊಗಾಲ್ ಎಷ್ಟು ಎಂದು ಬರೆಸಿಕೊಳ್ಳಿ. ಆ ಶೀಶೆ ಮತ್ತು ಕಾಗದ ಹಿಡಿದು ಕನಿಷ್ಠ ಮೂವರು ಖರೀದಿದಾರರ ಹತ್ತಿರ ಹೋಗಿ, ಕಿಲೋಗೆ ಏನು ಕೊಡುತ್ತೀರಿ, ವರ್ಷಕ್ಕೆ ಎಷ್ಟು ಕಿಲೋ ಬೇಕು ಎಂದು ಕೇಳಿ. ಅವರು ಬರೆದುಕೊಟ್ಟ ದರವನ್ನು ಒಣಶುಂಠಿಯ ಮಾರುಕಟ್ಟೆ ದರದ ಪಕ್ಕದಲ್ಲಿಟ್ಟು ನೋಡಿ, ಆಮೇಲೆ ಬ್ಯಾಂಕಿಗೆ ಹೋಗುವುದೋ ಬೇಡವೋ ತೀರ್ಮಾನಿಸಿ. ಮದ್ದು ಸೊಪ್ಪಿಗೆ ಅಷ್ಟೂ ಕಾಯಬೇಕಿಲ್ಲ. ಈ ಕಕ್ಕಡದಲ್ಲೇ ಐದು ಕಿಲೋ ಸೊಪ್ಪು ಕುದಿಸಿ, ಸೋಸಿದ ನೀರನ್ನು ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದವರಿಗೋ ಸಿಎಫ್‌ಟಿಆರ್‌ಐಗೋ ತೋರಿಸಿ, ಪುಡಿ ಮಾಡಿದರೆ ಬಣ್ಣ ಎಷ್ಟು ತಿಂಗಳು ನಿಲ್ಲುತ್ತದೆ ಎಂಬ ಪರೀಕ್ಷೆಯಿಂದ ಶುರು ಮಾಡಿ.